ಬಿಸಿಲು, ಎರೆಮಣ್ಣು, ಮಳೆ: ಪುಟ್ಟ ಸ್ಪೋರ್ಟ್ಸ್ ಕಾರಿಗೆ ಎಂಥ ಟೈರು?

ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೆದ್ದಾರಿಯಿಂದ ಹೊರಳುವ ಜಾಗ ಸಸ್ತಾಪುರ ಬಂಗ್ಲಾ. ರಾಷ್ಟ್ರೀಯ ಹೆದ್ದಾರಿ 65ರ ಮೇಲೆ ಪುಣೆಯಿಂದ ಹೈದರಾಬಾದಿಗೆ ಹೋಗುವ ಲಾರಿಗಳು ಇಲ್ಲಿ ನಿಲ್ಲುತ್ತವೆ, ಬಿಚ್ಚಿಕೊಳ್ಳುತ್ತವೆ, ಮತ್ತೆ ಕಟ್ಟಿಸಿಕೊಳ್ಳುತ್ತವೆ. ಇಲ್ಲಿಯ ಆಟೋನಗರ ಲಾರಿಗಳ ಊರು. ಪಾಟಾ, ಬಾಡಿ, ಡೈನಮೊ, ಟೈರು ಎಲ್ಲಕ್ಕೂ ಒಬ್ಬೊಬ್ಬ ಕೈಪಳಗಿದ ಮೇಸ್ತ್ರಿ ಸಿಗುತ್ತಾನೆ. ಎದೆಯೆತ್ತರದ ಲಾರಿ ಟೈರುಗಳ ನಡುವೆ ಕೆಎ-56 ನಂಬರಿನ ಒಂದು ಸ್ವಿಫ್ಟೋ ಬಲೆನೊವೋ ಬಂದು ನಿಂತರೆ ಅದು ಆಟಿಕೆಯಂತೆ ಕಾಣುತ್ತದೆ. ಆದರೆ ಅದರಿಂದ ಇಳಿದ ಹುಡುಗ ಕೇಳುವ ಪ್ರಶ್ನೆ ಸಣ್ಣದಲ್ಲ. "ಅಣ್ಣಾ, ಆಲ್ ವೆದರ್ ಟೈರ್ ಅದಾವೇನ್ರಿ? ಭಾಳ ತುಟ್ಟಿ ಬ್ಯಾಡ."

ಈ ಒಂದೇ ಸಾಲಿನಲ್ಲಿ ಮೂರು ಬೇಡಿಕೆಗಳಿವೆ. ಟೈರು ಎಲ್ಲ ಹವಾಮಾನಕ್ಕೂ ಒಗ್ಗಬೇಕು, ಕೈಗೆಟಕುವ ಬೆಲೆಯದಾಗಬೇಕು, ಬಾಯಿಬಿಟ್ಟು ಹೇಳದಿದ್ದರೂ ಕಾರಿನ ಚುರುಕು ಕಳೆಯಬಾರದು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾದರೆ ಮೊದಲು ಬೀದರ್ ಜಿಲ್ಲೆಯ ಮಟ್ಟಿಗೆ "ಎಲ್ಲ ಹವಾಮಾನ" ಎಂದರೇನು ಎಂದು ಇತ್ಯರ್ಥವಾಗಬೇಕು.

ಆಲ್ ವೆದರ್ ಎಂಬ ಮಾತು ಹುಟ್ಟಿದ್ದು ಹಿಮ ಬೀಳುವ ನಾಡುಗಳಲ್ಲಿ. ಫಿನ್‌ಲೆಂಡಿನ ನೋಕಿಯನ್ ಕಂಪನಿ 1934ರಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರು ತಂದಿತು. ಅಲ್ಲಿಂದ ಮುಂದೆ ಶೀತದೇಶಗಳ ಕಾರಿನವರು ವರ್ಷಕ್ಕೆರಡು ಸಲ ಟೈರು ಬದಲಿಸುವುದನ್ನು ರೂಢಿ ಮಾಡಿಕೊಂಡರು. ಆ ತಾಪತ್ರಯ ತಪ್ಪಿಸಲು 1977ರಲ್ಲಿ ಅಮೆರಿಕದಲ್ಲಿ ಗುಡ್‌ಇಯರ್ ಕಂಪನಿಯ ಟಿಯೆಂಪೊ ಬಂತು, 2015ರಲ್ಲಿ ಯುರೋಪಿನಲ್ಲಿ ಮಿಶೆಲಿನ್ ಕ್ರಾಸ್‌ಕ್ಲೈಮೇಟ್ ಬಂತು. ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇರುವ ಗುರುತು ಕ್ರಾಸ್‌ಕ್ಲೈಮೇಟ್‌ನಂಥ ಟೈರುಗಳದು. ಆ ಗುರುತು ಸಾರುವುದು ಒಂದೇ ಸಂಗತಿ: ಗಟ್ಟಿಯಾದ ಹಿಮದ ಮೇಲೆ ಈ ಟೈರು ಹಿಡಿತದ ಪರೀಕ್ಷೆ ಪಾಸಾಗಿದೆ. ಮೇ ತಿಂಗಳ ಡಾಂಬರಿನ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಿಮದ ಟೈರಿನ ರಬ್ಬರು ಮೆತ್ತಗಿರುತ್ತದೆ. 7 ಡಿಗ್ರಿಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಬಿಗಿದುಕೊಳ್ಳುವಾಗ ಇದು ಮೆತ್ತಗೇ ಉಳಿಯುತ್ತದೆ. ಇದೇ ಜಿಲ್ಲೆಯ ಹುಮನಾಬಾದಿನಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಪಾದರಸ 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು, ಆದರೆ ಹೊತ್ತೇರಿ ಚಹಾ ಕುಡಿದು ಹೊರಡುವಷ್ಟರಲ್ಲಿ ರಸ್ತೆ ಕಾದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಗಾಳಿ 42 ಡಿಗ್ರಿ ಇದ್ದಾಗ ಕಪ್ಪು ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಬರಿಗಾಲಲ್ಲಿ ಒಂದು ಹೆಜ್ಜೆ ಇಟ್ಟವರಿಗೆ ಗೊತ್ತು. ಅಂಥ ರಸ್ತೆಯ ಮೇಲೆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದಾಗ ಅದರ ಗುಬ್ಬಿಗಳು ಹೊಯ್ದಾಡಿ ಕಾರು ನಿಲ್ಲುವ ದೂರ ಹೆಚ್ಚುತ್ತದೆ. ಹಾಗಾಗಿ ದುಬಾರಿ ಬೆಲೆ ತೆತ್ತು ಹಿಮದ ಗುರುತಿನ ವಿದೇಶಿ ಟೈರು ತರಿಸುವುದು ಈ ಸೀಮೆಯಲ್ಲಿ ನಷ್ಟದ ಬಾಬತ್ತು.

ಇಲ್ಲಿಯ ಹವಾಮಾನಗಳು ಬೇರೆ. ಒಂದು, ಸುಡುಬಿಸಿಲು. ಎರಡು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. 2025ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕಂಡಂತೆ ಅದು ಬೆಳೆಯನ್ನೂ ರಸ್ತೆಯನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗಬಲ್ಲದು. ಮೂರನೆಯದನ್ನು ಹವಾಮಾನ ಇಲಾಖೆ ಅಳೆಯುವುದಿಲ್ಲ, ಅದು ನೆಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಹಳ್ಳಿ ರಸ್ತೆಯ ಅಂಚು ಒಡೆದು ಕತ್ತಿಯಂತೆ ನಿಂತಿರುತ್ತದೆ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಕಡೆಗೆ ಜೋಡಿ ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳು ಹೊಲದ ಮಣ್ಣನ್ನು ಡಾಂಬರಿಗೆ ತಂದು ಮೆತ್ತುತ್ತವೆ, ಅದರ ಮೇಲೆ ಒಂದು ತುಂತುರು ಬಿದ್ದರೆ ಸಾಕು, ರಸ್ತೆ ಸಾಬೂನಾಗುತ್ತದೆ. ಬೇಲಿಯ ಜಾಲಿಮುಳ್ಳು ಬೇರೆ.

ಇನ್ನು ಕಾರು. ಶುದ್ಧ ಸ್ಪೋರ್ಟ್ಸ್ ಕಾರನ್ನು ಅಗ್ಗದಲ್ಲಿ ಕೊಡುವ ಆಸೆ ಭಾರತದಲ್ಲಿ ಚಿಗುರಿ ಬಾಡಿದ್ದುಂಟು. 1990ರ ದಶಕದ ಕೊನೆಗೆ ಗೋವಾದ ಸ್ಯಾನ್ ಮೋಟಾರ್ಸ್ ಎರಡೇ ಆಸನದ, ಮಾಡು ತೆಗೆಯಬಹುದಾದ ಸ್ಟಾರ್ಮ್ ಎಂಬ ಪುಟ್ಟ ಕಾರು ಮಾಡಿತು. ಅದು ಹೆಚ್ಚು ಮಂದಿಯನ್ನು ತಲುಪಲಿಲ್ಲ. ಜನ ತಲುಪಿದ್ದು ಚುರುಕಾದ ಹ್ಯಾಚ್‌ಬ್ಯಾಕ್‌ಗಳನ್ನು: 2005ರಿಂದ ಸ್ವಿಫ್ಟ್, 2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, 2017ರ ಬಲೆನೊ ಆರ್‌ಎಸ್, 2021ರ ಐ20 ಎನ್ ಲೈನ್, 2024ರ ಅಲ್ಟ್ರೋಜ್ ರೇಸರ್. ಬೀದರ್ ಜಿಲ್ಲೆಯ ಹುಡುಗರ ಬಾಯಲ್ಲಿ ಸ್ಪೋರ್ಟ್ಸ್ ಕಾರು ಎಂದರೆ ಈ ಕುಲ. ಇವುಗಳಲ್ಲಿ ಕೆಲವು ಈಗ ಶೋರೂಮಿನಲ್ಲಿಲ್ಲ, ಎರಡನೇ ಕೈಯಲ್ಲಿ ಓಡುತ್ತಿವೆ. ಟೈರಿನ ಪ್ರಶ್ನೆ ಹೆಚ್ಚು ಕಾಡುವುದೂ ಇಂಥ ಕಾರಿನ ಒಡೆಯರನ್ನೇ.

ಕಾರು ಕೊಂಡವರ ಮೊದಲ ಹುಮ್ಮಸ್ಸು ಅಗಲ ಟೈರು, ದೊಡ್ಡ ಅಲಾಯ್. ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಸ್ವಿಫ್ಟ್ ಮೇಲ್ದರ್ಜೆಯ ಮಾಡೆಲಿನ ಟೈರು 185/65 ಆರ್15. 185 ಎಂದರೆ ಮಿಲಿಮೀಟರಿನಲ್ಲಿ ಅಗಲ, 65 ಎಂದರೆ ಆ ಅಗಲದ ಶೇ 65ರಷ್ಟು ಪಕ್ಕದ ಗೋಡೆ, ಅಂದರೆ ಸುಮಾರು 120 ಮಿ.ಮೀ. ರಬ್ಬರಿನ ದಿಂಬು. ಬಲೆನೊ ಆರ್‌ಎಸ್, ಐ20 ಎನ್ ಲೈನ್ ಕಾರುಗಳ 195/55 ಆರ್16ರಲ್ಲಿ ಆ ದಿಂಬು 107 ಮಿ.ಮೀ. ನೋಟಕ್ಕೆಂದು 205/45 ಆರ್17 ಹಾಕಿಸಿದರೆ ಉಳಿಯುವುದು 92. ಮೂರರಲ್ಲೂ ಗಾಲಿಯ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, 62 ಸೆಂಟಿಮೀಟರಿನ ಅಕ್ಕಪಕ್ಕ. ಆದ್ದರಿಂದ "ಕಾರು ಎತ್ತರ ಆಗ್ತದ" ಎಂಬುದು ಭ್ರಮೆ. ಬೆಳೆದದ್ದು ಲೋಹ, ಕರಗಿದ್ದು ರಬ್ಬರು.

ಆ 28 ಮಿಲಿಮೀಟರಿನ ಬೆಲೆ ಗೊತ್ತಾಗುವುದು ಮಳೆನೀರು ತುಂಬಿದ ಗುಂಡಿಗೆ ಗಾಲಿ ಇಳಿದಾಗ. ತೆಳು ಗೋಡೆ ಡಿಸ್ಕಿಗೂ ಡಾಂಬರಿನ ಅಂಚಿಗೂ ನಡುವೆ ಸಿಕ್ಕಿ ಅಪ್ಪಚ್ಚಿಯಾಗುತ್ತದೆ, ಒಳಗಿನ ದಾರಗಳು ಕಡಿಯುತ್ತವೆ, ಎರಡು ದಿನ ಬಿಟ್ಟು ಪಕ್ಕದಲ್ಲಿ ನಿಂಬೆಹಣ್ಣಿನಂಥ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟೈರಿಗೆ ಮದ್ದಿಲ್ಲ, ತೆಗೆದೇ ಹಾಕಬೇಕು. ಕಂಪನಿ ಕೊಟ್ಟ ಅಳತೆಯನ್ನೇ ಉಳಿಸಿಕೊಳ್ಳುವುದು ಈ ರಸ್ತೆಗಳಲ್ಲಿ ಮೊದಲ ಉಳಿತಾಯ. ಅಗಲ ಟೈರು ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಎಂಬುದೂ ಮಲೆನಾಡಿನವರಷ್ಟೇ ಬಯಲುಸೀಮೆಯವರೂ ನೆನಪಿಡಬೇಕಾದ ಮಾತು.

ತೇಲುವುದರ ಲೆಕ್ಕವೂ ಇದೆ. 1960ರ ದಶಕದಲ್ಲಿ ನಾಸಾ ವಿಮಾನದ ಗಾಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಒಂದು ಸೂತ್ರ ಹೊರಬಂತು: ಟೈರು ಯಾವ ವೇಗದಲ್ಲಿ ನೆಲ ಬಿಟ್ಟು ನೀರಿನ ಪದರದ ಮೇಲೆ ಏರುತ್ತದೆ ಎಂಬುದು ಅದರೊಳಗಿನ ಹವಾ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಒತ್ತಡ 33 ಪಿಎಸ್‌ಐ ಇದ್ದರೆ ಆ ವೇಗ ಗಂಟೆಗೆ ಸುಮಾರು 95 ಕಿ.ಮೀ., 25ಕ್ಕೆ ಇಳಿದಿದ್ದರೆ 83 ಕಿ.ಮೀ. ಕಾರಿನ ಟೈರಿನಲ್ಲಿ ಆಳವಾದ ಗೀರುಗಳು ನೀರನ್ನು ಹೊರಗೆ ತಳ್ಳುವುದರಿಂದ ಇನ್ನಷ್ಟು ಅವಕಾಶ ಸಿಗುತ್ತದೆ. ಗೀರು ಸವೆದ ಟೈರಿಗೆ ಆ ಅವಕಾಶವೂ ಇಲ್ಲ. ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ 100 ಕಿ.ಮೀ. ಆಗಸ್ಟ್ ತಿಂಗಳ ಸಂಜೆ, ಲಾರಿಗಳು ಒತ್ತಿ ಒತ್ತಿ ತಗ್ಗಾದ ಎಡಗಡೆಯ ಪಥದಲ್ಲಿ ನೀರು ನಿಂತಿರುವಾಗ, ಸವೆದ ಟೈರಿನ ಹಗುರ ಕಾರು ಆ ಮಿತಿಯೊಳಗೇ ಹಿಡಿತ ತಪ್ಪಬಹುದು.

ಹೊಸ ಟೈರಿನಲ್ಲಿ ಗೀರಿನ ಆಳ ಸುಮಾರು 8 ಮಿ.ಮೀ. ಕಾನೂನಿನ ಪ್ರಕಾರ ಕಾರಿನ ಟೈರನ್ನು 1.6 ಮಿ.ಮೀ.ವರೆಗೆ ಓಡಿಸಬಹುದು. ಗೀರಿನೊಳಗೆ ಅಡ್ಡಲಾಗಿ ಸಣ್ಣ ದಿಬ್ಬಗಳಿರುತ್ತವೆ, ಸವೆದು ಸವೆದು ಮೇಲ್ಮೈ ಆ ದಿಬ್ಬಕ್ಕೆ ಸಮವಾಯಿತೆಂದರೆ ಆಯುಷ್ಯ ಮುಗಿಯಿತು. ಕಾನೂನಿನ ಗೆರೆ ಅದು, ಮಳೆಯ ಗೆರೆ ಬೇರೆ. 3 ಮಿ.ಮೀ.ಗೆ ಬಂದ ಟೈರನ್ನು ಜೂನ್‌ಗೆ ಮುಂಚೆ ಬದಲಿಸುವುದೇ ವಿವೇಕ. ಬೇಸಿಗೆಯ ಕೊನೆಗೆ ಕೊಂಡ ಟೈರು ತನ್ನ ಅತಿ ಆಳದ ಗೀರುಗಳನ್ನು ಮೊದಲ ಮಳೆಗಾಲಕ್ಕೇ ಕೊಡುತ್ತದೆ. ದೀಪಾವಳಿಗೆ ಕೊಂಡದ್ದು ಮಳೆ ಬರುವ ಹೊತ್ತಿಗೆ ಅರ್ಧ ವರ್ಷದ ಬಿಸಿಲು ಉಂಡಿರುತ್ತದೆ.

ಬಿಸಿಲಿನ ಪಾಠ ದೊಡ್ಡದು, ಅದಕ್ಕೆ ಜಗತ್ತೇ ಬೆಲೆ ತೆತ್ತಿದೆ. 2000ದ ಆಗಸ್ಟ್ 9ರಂದು ಅಮೆರಿಕದಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಯಿತು. ಅವುಗಳಲ್ಲಿ ಬಹುಪಾಲು ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದವು. ಓಡುತ್ತಿರುವಾಗಲೇ ಮೇಲಿನ ಪದರ ಕಿತ್ತುಬಂದು ಗಾಡಿ ಮಗುಚುತ್ತಿತ್ತು, ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ದೂರುಗಳು ದಟ್ಟವಾಗಿ ಬಂದದ್ದು ಅರಿಝೋನಾ, ಟೆಕ್ಸಸ್, ಫ್ಲೋರಿಡಾ, ಕ್ಯಾಲಿಫೋರ್ನಿಯಾದಂಥ ಬಿಸಿ ರಾಜ್ಯಗಳಿಂದ. ಟೈರಿನ ದೋಷದ ಜೊತೆಗೆ ಕಡಿಮೆ ಹವಾ, ಹೆಚ್ಚು ಭಾರ, ಕಾದ ರಸ್ತೆ, ಉದ್ದದ ಓಟ ಸೇರಿದಾಗ ಅನಾಹುತವಾಗುತ್ತಿತ್ತು. ಟೈರಿನ ಒತ್ತಡ ತಾನಾಗಿ ತೋರಿಸುವ ಸಾಧನ ಅಮೆರಿಕದ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು ಆ ದುರಂತದಿಂದ ಹುಟ್ಟಿದ ಕಾನೂನಿನಿಂದಲೇ.

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಮಹಾರಾಷ್ಟ್ರದಲ್ಲಿ 2022ರ ಡಿಸೆಂಬರ್‌ನಲ್ಲಿ ಸಮೃದ್ಧಿ ಮಹಾಮಾರ್ಗದ ನಾಗಪುರ–ಶಿರಡಿ ಭಾಗ ತೆರೆಯಿತು. ಉದ್ದಕ್ಕೂ ಕಾಂಕ್ರೀಟು, ಕಾರಿಗೆ 120 ಕಿ.ಮೀ. ಮಿತಿ. ಮುಂದಿನ ಬೇಸಿಗೆಯಲ್ಲಿ ಟೈರು ಸಿಡಿದ ಅಪಘಾತಗಳು ಸಾಲುಗಟ್ಟಿದಾಗ ಸಾರಿಗೆ ಅಧಿಕಾರಿಗಳು ಪ್ರವೇಶದ್ವಾರದಲ್ಲೇ ಟೈರು ಪರೀಕ್ಷಿಸಿ, ಸವೆದ ಟೈರಿನ ಗಾಡಿಗಳನ್ನು ಹಿಂದಕ್ಕೆ ಕಳಿಸತೊಡಗಿದರು. ಹುಮನಾಬಾದಿನಿಂದ ಹೈದರಾಬಾದಿಗೆ ಒಂದೇ ಏಟಿಗೆ 150 ಕಿ.ಮೀ. ಹೊಡೆಯುವವರ ಪಾಡು ಇದಕ್ಕಿಂತ ಬಹಳ ಬೇರೆಯಲ್ಲ.

ಇಲ್ಲಿ ಪಂಚರ್ ಅಂಗಡಿಯ ಒಂದು ರೂಢಿಯನ್ನು ಹತ್ತಿರದಿಂದ ನೋಡಬೇಕು. ಮೇ ತಿಂಗಳ ಮಧ್ಯಾಹ್ನ, ಕಾರು ಉಮರಗಾ ಕಡೆಯಿಂದ ಒಂದು ತಾಸು ಓಡಿ ಬಂದಿದೆ. ಅಂಗಡಿಯವ ಮೀಟರು ಹಚ್ಚಿ ನೋಡುತ್ತಾನೆ, 38. "ಹವಾ ಹೆಚ್ಚಾಗ್ಯದ್ರೀ, ತೆಗಿತೀನಿ" ಎಂದು ಪಿನ್ನು ಒತ್ತಿ ಬುಸ್ಸೆನ್ನಿಸಿ 33ಕ್ಕೆ ಇಳಿಸುತ್ತಾನೆ. ಇಬ್ಬರಿಗೂ ಸಮಾಧಾನ. ಆದರೆ ಆದದ್ದು ತಪ್ಪು. ಸುಮಾರು 6 ಡಿಗ್ರಿ ಬಿಸಿಗೆ 1 ಪಿಎಸ್‌ಐನಂತೆ ಒತ್ತಡ ಏರುತ್ತದೆ, ಆ 38 ಬೆಳಗಿನ ತಂಪಿನ 33ಕ್ಕೆ ಬಿಸಿಲು ಸೇರಿಸಿದ ಮೊತ್ತ. ಮರುದಿನ ಬೆಳಿಗ್ಗೆ ಅದೇ ಟೈರಿನಲ್ಲಿ 28 ಇರುತ್ತದೆ. ಹವಾ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿ, ಹೆಚ್ಚು ಕಾದು, ಒಳಗಿನಿಂದ ಸುಡುತ್ತದೆ. ಹವಾ ನೋಡಿಸಬೇಕಾದದ್ದು ಮನೆಯಿಂದ ಹೊರಟ ಮೊದಲ ಒಂದೆರಡು ಕಿಲೋಮೀಟರಿನೊಳಗೆ, ಚಾಲಕನ ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯ ಪ್ರಕಾರ. ನೈಟ್ರೋಜನ್ ತುಂಬಿಸಿದರೆ ಕೆಡುಕಿಲ್ಲ, ಆದರೆ ಬರೀ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ ಎಂಬುದು ನೆನಪಿರಲಿ.

ಹಾಗಾದರೆ ಯಾವ ಟೈರು? ದಕ್ಷಿಣ ಭಾರತದಲ್ಲಿ ಕಾರಿಗೆಂದು ಮಾರುವ ಸಾಮಾನ್ಯ ರೇಡಿಯಲ್ ಟೈರುಗಳು ಬಿಸಿಲು, ಮಳೆ ಎರಡನ್ನೂ ಎಣಿಸಿಯೇ ಮಾಡಿದವು. ಬೀದರ್ ಜಿಲ್ಲೆಯ ನಿಜವಾದ ಆಲ್ ವೆದರ್ ಟೈರು ಅದೇ. ಅದರೊಳಗೆ ಎರಡು ಪಂಗಡಗಳಿವೆ. ಹೆಚ್ಚು ಕಿಲೋಮೀಟರು ಬಾಳುವುದೇ ಗುರಿಯಾದವು ಒಂದು: ಸಿಯೆಟ್ ಮೈಲೇಜ್ ಎಕ್ಸ್3, ಅಪೊಲೊ ಅಮೇಜರ್ 4ಜಿ ಲೈಫ್ ಈ ಸಾಲಿನವು. ಒದ್ದೆ ರಸ್ತೆಯ ಹಿಡಿತ, ತಿರುವಿನ ಸ್ಥಿರತೆಗೆ ಒತ್ತು ಕೊಟ್ಟವು ಇನ್ನೊಂದು: ಸಿಯೆಟ್ ಸೆಕ್ಯುರಾಡ್ರೈವ್, ಅಪೊಲೊ ಅಲ್ನಾಕ್ 4ಜಿ, ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2 ಅಂಥವು. ಬಾಡಿಗೆ ಡಿಜೈರ್‌ಗೆ ಮೊದಲ ಪಂಗಡ ಸರಿ. ಚುರುಕಿಗಾಗಿ ಕೊಂಡ ಕಾರಿಗೆ ಎರಡನೆಯದೇ ತಕ್ಕದ್ದು, ಹತ್ತು ಸಾವಿರ ಕಿ.ಮೀ. ಮೊದಲೇ ಸವೆದರೂ ಚಿಂತೆಯಿಲ್ಲ.

ಏಕೆಂದರೆ ದುಡ್ಡಿನ ಲೆಕ್ಕ ಹೀಗಿದೆ. ತಲಾ 5,000 ರೂಪಾಯಿಯ ನಾಲ್ಕು ಟೈರು 45,000 ಕಿ.ಮೀ. ಬಾಳಿದವು ಎಂದಿಟ್ಟುಕೊಳ್ಳಿ, ಕಿಲೋಮೀಟರಿಗೆ 44 ಪೈಸೆ. ಅದೇ ಬೆಲೆಯ ಹಿಡಿತದ ಟೈರು 35,000ಕ್ಕೇ ಮುಗಿದರೆ 57 ಪೈಸೆ. ವ್ಯತ್ಯಾಸ 13 ಪೈಸೆ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲು 15 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಆರೂವರೆ ರೂಪಾಯಿಗಿಂತ ಹೆಚ್ಚು ಉರಿಯುತ್ತದೆ. ಎಡಗಾಲು ಬಲಗಾಲು ಒತ್ತುವ ರೀತಿಯಲ್ಲೇ ಆ 13 ಪೈಸೆ ಹತ್ತು ಸಲ ಉಳಿಯುತ್ತದೆ. ಬ್ರೇಕಿನ ಉಳಿತಾಯ ರೂಪಾಯಿಯಲ್ಲಿ ಅಳೆಯುವಂಥದ್ದೂ ಅಲ್ಲ. ಯುರೋಪಿನಲ್ಲಿ ಟೈರಿಗೆ ಒದ್ದೆ ಹಿಡಿತದ ದರ್ಜೆ ಅಂಟಿಸುವ ಪದ್ಧತಿ ಇದೆ. ಅಲ್ಲಿಯ ಹಳೆಯ ಲೇಬಲ್ ಪ್ರಕಾರ 80 ಕಿ.ಮೀ. ವೇಗದಲ್ಲಿ ಉತ್ತಮ ದರ್ಜೆಗೂ ಕೊನೆಯ ದರ್ಜೆಗೂ ಕಾರು ನಿಲ್ಲುವ ದೂರದಲ್ಲಿ 18 ಮೀಟರಿನಷ್ಟು ಅಂತರ ಬೀಳಬಹುದು. ಅಂದರೆ ನಾಲ್ಕು ಸ್ವಿಫ್ಟ್ ಸಾಲಾಗಿ ನಿಲ್ಲುವ ಜಾಗ.

ಭಾರತದಲ್ಲಿ ಅಂಥ ದರ್ಜೆ ಕಣ್ಣಿಗೆ ಬೀಳುವುದಿಲ್ಲ ಎಂಬುದು ಗ್ರಾಹಕನಿಗೆ ದೊಡ್ಡ ಕೊರತೆ. 2022ರ ಅಕ್ಟೋಬರ್ 1ರಿಂದ ಹೊಸ ವಿನ್ಯಾಸದ ಟೈರುಗಳಿಗೆ ಎಐಎಸ್-142 ಎಂಬ ಮಾನದಂಡ ಬಂದಿದೆ. ಉರುಳುವ ಪ್ರತಿರೋಧ, ಒದ್ದೆ ಹಿಡಿತ, ಸದ್ದು ಈ ಮೂರರಲ್ಲೂ ಕನಿಷ್ಠ ಮಟ್ಟ ಮುಟ್ಟಬೇಕು. ಅದು ಪಾಸು–ಫೇಲಿನ ಪರೀಕ್ಷೆ, ಯಾರಿಗೆ ಎಷ್ಟು ಅಂಕ ಎಂದು ಕೊಳ್ಳುವವನಿಗೆ ತಿಳಿಯುವುದಿಲ್ಲ. ಕೆಲವು ಟೈರುಗಳ ಮೇಲೆ ಕಾಣುವ ಬಿಇಇ (ಇಂಧನ ದಕ್ಷತಾ ಬ್ಯೂರೊ) ನಕ್ಷತ್ರಗಳು ಮುಖ್ಯವಾಗಿ ಇಂಧನ ಉಳಿತಾಯದ ಲೆಕ್ಕ, ಅವನ್ನು ಹಿಡಿತದ ಗುರುತೆಂದು ತಿಳಿಯಬಾರದು.

ಬೆಲೆಯಲ್ಲಿ ಇತ್ತೀಚೆಗೆ ಒಂದು ನೆಮ್ಮದಿ ಸಿಕ್ಕಿದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮೂಲ ಬೆಲೆ 5,000 ಇದ್ದ ಟೈರು 6,400ರ ಬದಲು 5,900ಕ್ಕೆ ಬರಬೇಕು, ನಾಲ್ಕಕ್ಕೆ 2,000 ಉಳಿತಾಯ. ಆ ದುಡ್ಡಿನಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವಾಲ್ವು ಎಲ್ಲ ಆಗಿ ಮಿಗುತ್ತದೆ.

ಬ್ರಾಂಡಿನ ಜಗಳಕ್ಕಿಂತ ಮುಖ್ಯವಾದ ನಾಲ್ಕು ಅಂಕಿಗಳು ಟೈರಿನ ಪಕ್ಕದಲ್ಲೇ ಇವೆ. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ಉದ್ದುರುಟು ಚೌಕಟ್ಟಿನಲ್ಲಿ 2325 ಎಂದಿದ್ದರೆ ಅದು 2025ರ 23ನೇ ವಾರದಲ್ಲಿ ಹುಟ್ಟಿದ ಟೈರು. ಕೆಲವೊಮ್ಮೆ ಈ ಅಂಕಿಗಳು ಒಂದೇ ಪಕ್ಕದಲ್ಲಿರುತ್ತವೆ, ಟೈರು ತಿರುಗಿಸಿ ನೋಡಬೇಕು. ಸಣ್ಣ ಊರಿನಲ್ಲಿ ಈ ಓದು ಇನ್ನೂ ಅಗತ್ಯ. ಸ್ವಿಫ್ಟ್, ಡಿಜೈರ್‌ನ 14, 15 ಇಂಚಿನ ಟೈರುಗಳು ಬಂದ ಹಾಗೆ ಖರ್ಚಾಗುತ್ತವೆ. 195/55 ಆರ್16 ಕೇಳುವವರು ವಿರಳ, ಆದ್ದರಿಂದ ಅಂಗಡಿಯ ಅಟ್ಟದಲ್ಲಿ ಅದು ಎರಡು ಬೇಸಿಗೆ ಕಳೆದಿರಬಹುದು. ಇಲ್ಲಿಯ ಬಿಸಿಲಲ್ಲಿ ಹೊರಗೆ ಪೇರಿಸಿಟ್ಟ ರಬ್ಬರು ಓಡದೆಯೂ ಮುದಿಯಾಗುತ್ತದೆ. ವರ್ಷ ದಾಟಿದ ಸರಕನ್ನು ಅಗ್ಗವೆಂದು ಕೊಳ್ಳುವುದಕ್ಕಿಂತ ನಾಲ್ಕು ದಿನ ಕಾದು ಕಲಬುರಗಿಯಿಂದಲೋ ಹೈದರಾಬಾದಿನಿಂದಲೋ ತರಿಸುವುದು ಮೇಲು. ಎಮ್‌ಆರ್‌ಎಫ್ ಕಾರ್ಖಾನೆಯೊಂದು ಇದೇ ಹೆದ್ದಾರಿಯ ಸದಾಶಿವಪೇಟೆಯಲ್ಲಿದೆ, ಇನ್ನೊಂದೆಡೆ ಮೈಸೂರಿನಲ್ಲಿ 1997ರಲ್ಲಿ ಜೆಕೆ ಟೈರ್ ಕೈಸೇರಿದ ಹಳೆಯ ವಿಕ್ರಾಂತ್ ಇದೆ. ಟೈರು ಮಾಡುವ ನೆಲದಲ್ಲಿದ್ದು ಹಳಸಿದ್ದನ್ನು ಕೊಳ್ಳುವ ದೈನ್ಯ ಯಾರಿಗೂ ಬೇಡ.

ಅಳತೆಯ ಪಕ್ಕದ 88ಎಚ್ ಎಂಬ ಬರಹಕ್ಕೂ ಅರ್ಥವಿದೆ. 88 ಎಂದರೆ ಒಂದು ಟೈರು ಹೊರಬಲ್ಲ ಭಾರ 560 ಕೆ.ಜಿ., ಎಚ್ ಎಂದರೆ 210 ಕಿ.ಮೀ. ವೇಗದವರೆಗೆ ತಾಳಿಕೆ. "ಅಷ್ಟ್ ಜೋರ್ ಯಾರ್ ಹೊಡಿತಾರ್ರಿ" ಎಂದು ಕೆಳದರ್ಜೆಯ ಟಿ ಅಥವಾ ಎಸ್ ಟೈರು ಹಚ್ಚುವವರಿದ್ದಾರೆ. ಆ ಅಕ್ಷರ ವೇಗದ ಆಸೆಯ ಲೆಕ್ಕವಲ್ಲ, ಬಿಸಿ ತಾಳುವ ಶಕ್ತಿಯ ಲೆಕ್ಕ. ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬಾರದು.

ಆಟೋನಗರದ ಲಾರಿ ಜಾಣ್ಮೆಯನ್ನು ಕಾರಿಗೆ ಹಚ್ಚುವಾಗಲೂ ಎಚ್ಚರ ಬೇಕು. ಲಾರಿಯ ಹಿಂದಿನ ಗಾಲಿಗೆ ರೀಟ್ರೆಡ್ ಟೈರು ಹಾಕುವುದು ನ್ಯಾಯವಾದ ಉದ್ಯೋಗ, ಅದರ ಕವಚ ಮರುಬಳಕೆಗೆಂದೇ ಗಟ್ಟಿಯಾಗಿರುತ್ತದೆ. ಕಾರಿನ ಟೈರಿನದು ಹಾಗಲ್ಲ. ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಏರುವ ಕಾರಿಗೆ ಮರುಹೊದಿಕೆಯ, ಇಲ್ಲವೇ ಎಲ್ಲೋ ಕಳಚಿದ ಹಳೆಯ ಟೈರು ಹಾಕಿಸುವುದು ಉಳಿತಾಯವಲ್ಲ.

ನಾಲ್ಕಕ್ಕೂ ದುಡ್ಡು ಹೊಂದದೆ ಎರಡೇ ಕೊಳ್ಳುವವರಿಗೆ ಒಂದು ಮಾತು. ಮುಂದಿನ ಗಾಲಿ ಎಳೆಯುವ ಕಾರಲ್ಲಿ ಮುಂದಿನ ಟೈರೇ ಬೇಗ ಸವೆಯುವುದರಿಂದ ಹೊಸ ಜೋಡಿಯನ್ನು ಮುಂದೆ ಹಾಕುವುದು ಎಲ್ಲ ಕಡೆಯ ರೂಢಿ. ಟೈರು ಕಂಪನಿಗಳು ಹೇಳುವುದು ಇದಕ್ಕೆ ತದ್ವಿರುದ್ಧ: ಹೊಸವು ಹಿಂದಕ್ಕೆ, ಇರುವುದರಲ್ಲಿ ಚೆನ್ನಾಗಿರುವವು ಮುಂದಕ್ಕೆ. ಮಳೆಯಲ್ಲಿ ಮುಂದಿನ ಟೈರು ಜಾರಿದರೆ ಕಾರು ನೇರ ಸಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುತೇಕ ಹಿಡಿತಕ್ಕೆ ಮರಳುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ. ಬಾಲ ಹಗುರವಾದ ಪುಟ್ಟ ಕಾರುಗಳಲ್ಲಿ ಇದು ಕಣ್ಣುಮಿಟುಕಿಸುವುದರೊಳಗೆ ನಡೆದುಹೋಗುತ್ತದೆ. ಅಂಗಡಿಯವ ಒಪ್ಪದಿದ್ದರೂ ಪಟ್ಟು ಹಿಡಿದು ಹಿಂದಕ್ಕೇ ಹಾಕಿಸಬೇಕು.

ಟೈರು ಕೂರಿಸಿದ ಮೇಲೆ ಡಿಒಟಿ ಅಂಕಿ ಬರೆಸಿದ ಜಿಎಸ್‌ಟಿ ಬಿಲ್ಲು ಕೈಗೆ ಬರಲಿ, ವಾರಂಟಿ ಕೇಳುವಾಗ ಅದೇ ಆಧಾರ. ಹೊಸ ಟೈರಿನ ಮೈಮೇಲಿನ ಜಿಡ್ಡು ಹೋಗಲು ಮೊದಲ ಇನ್ನೂರು ಮುನ್ನೂರು ಕಿ.ಮೀ. ಮೆಲ್ಲಗೆ ಓಡಿಸಬೇಕು. ಹೊರಡುವ ಮುನ್ನ ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿಯ ಹವಾ ನೋಡಿಸಬೇಕು. ಅನೇಕ ಮಾಡೆಲುಗಳಲ್ಲಿ ಅದು ಒಂದು ಇಂಚು ಚಿಕ್ಕದಾದ ಕಬ್ಬಿಣದ ಡಿಸ್ಕು, ಅದರ ಮೇಲೆ 80 ಕಿ.ಮೀ. ಮೀರಬೇಡಿ ಎಂಬ ಚೀಟಿ ಇರುತ್ತದೆ. ಜಾಲಿಮುಳ್ಳು ಚುಚ್ಚಿದ ರಾತ್ರಿ ಹುಮನಾಬಾದ್ ಮುಟ್ಟಿಸುವುದು ಅದೇ ಗಾಲಿ.